ಮಣ್ಣಿನ ಗಡಿಗೆಯಲ್ಲಿ ಒಂದು ಪ್ರತಿ: ಲ್ಯಾಪ್‌ಟಾಪಿನ ಸಿಸ್ಟಮ್ ಇಮೇಜ್ ತೆಗೆದಿಡುವ ಬಗೆ



ನವೆಂಬರ್ 2ರ ಮೃತರ ಸ್ಮರಣೆಯ ದಿನ ಬಂತೆಂದರೆ, ವರ್ಷದ ಬೇರೆ ಭಾನುವಾರಗಳಲ್ಲಿ ಮುಖ ತೋರಿಸದವರೂ ಚರ್ಚಿಗೆ ಬರುತ್ತಾರೆ. ಸಮಾಧಿಗೆ ಸುಣ್ಣ ಬಳಿದು, ಹೂ ಏರಿಸಿ, ಮೇಣದಬತ್ತಿ ಹಚ್ಚಿ, ಪೂಜೆಯಲ್ಲಿ ತಮ್ಮವರ ಹೆಸರನ್ನು ಗುರುಗಳು ಓದುವುದನ್ನು ಕಾಯುತ್ತಾ ಕೂರುತ್ತಾರೆ. ಒಂದು ಹೆಸರು ಬಿಟ್ಟುಹೋದರೂ ಪೂಜೆ ಮುಗಿಯುತ್ತಲೇ ಬಾಗಿಲ ಬಳಿ ಬಂದು ನಿಲ್ಲುತ್ತಾರೆ: "ಫಾದರ್, ನಮ್ಮವ್ವನ ಹೆಸರು ಬರಲಿಲ್ಲಲ್ರಿ." ಅವರ ಮಾತಿನಲ್ಲಿ ಸಿಟ್ಟಿರುವುದಿಲ್ಲ. ಇರುವುದು ನೋವು. ಆ ನೋವಿಗೆ ಉತ್ತರ ಹೇಳುವುದು ಸುಲಭವಲ್ಲ.

ಕೆಲವು ವರ್ಷಗಳ ಹಿಂದೆ ಆ ಹಬ್ಬದ ಹಿಂದಿನ ಸಂಜೆ ಹೆಸರುಗಳ ಪಟ್ಟಿ ಮುದ್ರಿಸೋಣವೆಂದು ಕಚೇರಿಯ ಲ್ಯಾಪ್‌ಟಾಪ್ ತೆರೆದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದೇ ಸಾಲು ಬಂತು. ಬೂಟ್ ಮಾಡಲು ಡಿಸ್ಕ್ ಸಿಗುತ್ತಿಲ್ಲ ಎಂಬುದು ಅದರ ಅರ್ಥ. ಆರಿಸಿದೆ, ಮತ್ತೆ ಹಚ್ಚಿದೆ. ಬ್ಯಾಟರಿ ತೆಗೆದು ಹಾಕಿದೆ. ಶಿಲುಬೆಯ ಗುರುತನ್ನೂ ಹಾಕಿದೆ ಎಂದರೆ ನಗಬೇಡಿ. ಒಳಗಿಂದ ಟಕ್ ಟಕ್ ಎಂಬ ಸದ್ದು ಮಾತ್ರ ಬರುತ್ತಿತ್ತು. ಮರುದಿನ ಅಂಗಡಿಯವರು ನೋಡಿ, "ಹಾರ್ಡ್ ಡಿಸ್ಕ್ ಹೋಗೈತ್ರಿ ಫಾದರ್, ಹೊಸಾದು ಹಾಕ್ಬೇಕು" ಎಂದರು. ಅಷ್ಟು ಹೊತ್ತಿಗೆ ಪೂಜೆ ಮುಗಿದಿತ್ತು. ಹಿಂದಿನ ರಾತ್ರಿ ಮರಣದ ದಾಖಲೆ ಪುಸ್ತಕವನ್ನೂ ಹಳೆಯ ನೋಟುಬುಕ್ಕುಗಳನ್ನೂ ಮುಂದಿಟ್ಟುಕೊಂಡು ಕೈಯಿಂದ ಪಟ್ಟಿ ಬರೆದಿದ್ದೆ. ಆದರೂ ಎರಡು ಹೆಸರು ಬಿಟ್ಟುಹೋದವು. ಬಾಗಿಲ ಬಳಿ ಇಬ್ಬರು ನಿಂತಿದ್ದರು.

ಹೆಸರುಗಳು ಹೇಗೋ ಕಾಗದದ ಮೇಲಿದ್ದವು, ಮರಳಿ ಸಿಕ್ಕವು. ಸಿಗದೇ ಹೋದದ್ದು ಇನ್ನೊಂದು. ನಮ್ಮಲ್ಲಿ ಒಬ್ಬ ವೃದ್ಧ ಉಪದೇಶಿಗಳಿದ್ದರು. ಎತ್ತಿನ ಬಂಡಿಯ ಕಾಲದಲ್ಲಿ ಹಳ್ಳಿ ಹಳ್ಳಿ ತಿರುಗಿ ಜಪ ಕಲಿಸಿದವರು. ಮೂರು ಸಂಜೆ ಅವರ ಮುಂದೆ ಕುಳಿತು ಅವರ ನೆನಪುಗಳನ್ನೂ ಅವರು ಹಾಡುತ್ತಿದ್ದ ಹಳೆಯ ಕೀರ್ತನೆಗಳನ್ನೂ ಧ್ವನಿಮುದ್ರಿಸಿಕೊಂಡಿದ್ದೆ. ಲ್ಯಾಪ್‌ಟಾಪಿಗೆ ಹಾಕಿದ ಮೇಲೆ ರೆಕಾರ್ಡರಿನಲ್ಲಿದ್ದುದನ್ನು ಅಳಿಸಿಬಿಟ್ಟೆ, ಜಾಗ ಬೇಕಿತ್ತು. ಅದೇ ವರ್ಷ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಆ ಧ್ವನಿ ಒಂದೇ ಕಡೆ ಇತ್ತು, ಆ ಒಂದು ಡಿಸ್ಕಿನಲ್ಲಿ.

ಹೊಸ ಡಿಸ್ಕ್ ಬಂದ ಮೇಲೂ ಕಷ್ಟ ತೀರಲಿಲ್ಲ. ವಿಂಡೋಸ್ ಹಾಕಿಕೊಟ್ಟರು, ಆದರೆ ಅದು ಖಾಲಿ ಮನೆ. ನುಡಿ ತಂತ್ರಾಂಶವಿಲ್ಲ, ಹಳೆಯ ಅಕ್ಷರಗಳಿಲ್ಲ, ಪ್ರಿಂಟರ್ ಮಾತು ಕೇಳುವುದಿಲ್ಲ. ಪೆನ್‌ಡ್ರೈವಿನಲ್ಲಿ ಹೇಗೋ ಉಳಿದಿದ್ದ ನಾಲ್ಕಾರು ಕಡತಗಳನ್ನು ತೆರೆದರೆ, ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಹಳೆಯ ನುಡಿ ಅಕ್ಷರದಲ್ಲಿ ಬೆರಳಚ್ಚು ಮಾಡಿದ ಕಡತ, ಆ ಅಕ್ಷರವಿಲ್ಲದ ಯಂತ್ರದಲ್ಲಿ ಹಾಗೆಯೇ ಕಾಣುತ್ತದೆ. ಎಲ್ಲವೂ ಮೊದಲಿನ ಸ್ಥಿತಿಗೆ ಬರಲು ಮೂರು ವಾರ ಹಿಡಿಯಿತು.

ಕ್ರಿಸ್ತಜಯಂತಿಗೆ ಊರಿಗೆ ಬಂದಿದ್ದ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ ಮಾಡುವ ನಮ್ಮ ಹುಡುಗನೊಬ್ಬ ಇದನ್ನೆಲ್ಲ ಕೇಳಿ, "ಫಾದರ್, ಇಮೇಜ್ ತಗದಿದ್ದಿಲ್ಲೇನ್ರಿ?" ಎಂದ. "ಯಾವ ಇಮೇಜಪ್ಪ, ಮಾತೆಯದೋ?" ಎಂದೆ. ಅವನು ನಕ್ಕ. ಆಮೇಲೆ ಎರಡು ತಾಸು ಪಕ್ಕದಲ್ಲಿ ಕೂತು ಕಲಿಸಿದ. ಅಂದಿನಿಂದ ಇಂದಿನವರೆಗೆ ಅದನ್ನು ಬಿಡದೆ ಮಾಡುತ್ತಾ ಬಂದಿದ್ದೇನೆ. ಈಗ ಮನೆ ಮನೆಗೂ ಲ್ಯಾಪ್‌ಟಾಪ್ ಬಂದಿದೆ. ಮಕ್ಕಳ ಓದು, ಮದುವೆಯ ಫೋಟೋ, ಅಂಗಡಿಯ ಲೆಕ್ಕ, ಹೊಲದ ಕಾಗದಗಳ ಪ್ರತಿ ಎಲ್ಲವೂ ಅದರಲ್ಲೇ ಇವೆ. ಆದುದರಿಂದ ಹಬ್ಬದ ಪ್ರಬೋಧನೆಗಳ ನಡುವೆ ಈ ವಿಷಯಕ್ಕೂ ಒಂದಿಷ್ಟು ಜಾಗ ಕೇಳಿ ಪಡೆದಿದ್ದೇನೆ.

ಯೆರೆಮೀಯನ ಖರೀದಿ ಪತ್ರ

ನಕಲು ಇಟ್ಟುಕೊಳ್ಳುವುದು ನಂಬಿಕೆಯ ಕೊರತೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಪ್ರವಾದಿ ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯವನ್ನು ತೆರೆದು ನೋಡಿ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿದೆ, ಪ್ರವಾದಿ ಸೆರೆಯಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ಅವನು ಅನಾತೋತಿನ ಒಂದು ಹೊಲವನ್ನು ಕೊಳ್ಳುತ್ತಾನೆ. ಬೆಳ್ಳಿ ತೂಗಿ ಕೊಟ್ಟು, ಸಾಕ್ಷಿಗಳ ಮುಂದೆ ಪತ್ರ ಮಾಡಿಸುತ್ತಾನೆ. ಒಂದು ಮುದ್ರೆ ಹಾಕಿದ ಪ್ರತಿ, ಇನ್ನೊಂದು ತೆರೆದ ಪ್ರತಿ. ಎರಡನ್ನೂ ಮಣ್ಣಿನ ಗಡಿಗೆಯಲ್ಲಿ ಇಡಬೇಕು, ಬಹುಕಾಲ ಉಳಿಯಬೇಕು ಎಂದು ಬಾರೂಕನಿಗೆ ಹೇಳುತ್ತಾನೆ. ಊರು ಬೀಳುವುದು ಖಚಿತವೆಂದು ಅವನಿಗೆ ಗೊತ್ತು. ಜನ ಒಂದು ದಿನ ಮರಳಿ ಬರುತ್ತಾರೆಂಬ ನಂಬಿಕೆಯೂ ಇತ್ತು. ಮರಳಿ ಬಂದವರ ಕೈಗೆ ಏನಾದರೂ ಸಿಗಬೇಕಲ್ಲ!

ಮುಂದೆ 36ನೆಯ ಅಧ್ಯಾಯದಲ್ಲಿ ಇದರ ಇನ್ನೊಂದು ಮುಖವಿದೆ. ಬಾರೂಕನು ಬರೆದ ಸುರುಳಿಯನ್ನು ಅರಸ ಯೆಹೋಯಾಕೀಮನು ಚೂರು ಚೂರಾಗಿ ಕತ್ತರಿಸಿ ಅಗ್ಗಿಷ್ಟಿಕೆಗೆ ಹಾಕಿ ಸುಡುತ್ತಾನೆ. ಅದಕ್ಕೆ ಬೇರೆ ಪ್ರತಿ ಇರಲಿಲ್ಲ. ಯೆರೆಮೀಯನು ಬದುಕಿದ್ದನಾದ್ದರಿಂದ ಬಾಯಲ್ಲಿ ಹೇಳಿ ಮತ್ತೆ ಬರೆಯಿಸಿದ. ನಮ್ಮ ಉಪದೇಶಿಗಳ ವಿಷಯದಲ್ಲಿ ಆ ದಾರಿಯೂ ನನಗಿರಲಿಲ್ಲ.

ಮಸ್ಕಿಯ ನಮಗೆ ಇದನ್ನು ಹೊರಗಿನವರು ಕಲಿಸಬೇಕಾಗಿಯೂ ಇಲ್ಲ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಬೀಡನ್ ಇಲ್ಲಿಯ ಗುಡ್ಡದಲ್ಲಿ ಕಂಡ ಬಂಡೆಯ ಬರಹ ಅಶೋಕನದು. ಅದೇ ಶಾಸನವನ್ನು ಅವನು ಒಂದೇ ಕಡೆ ಕೆತ್ತಿಸಿ ಸುಮ್ಮನಾಗಲಿಲ್ಲ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿಯೂ, ಕೊಪ್ಪಳದ ಗವಿಮಠ ಮತ್ತು ಪಾಲ್ಕಿಗುಂಡಿನಲ್ಲಿಯೂ, ಉತ್ತರ ಭಾರತದ ಹಲವು ಬಂಡೆಗಳ ಮೇಲೂ ಅದರ ಪ್ರತಿಗಳಿವೆ. ಅಂದಿನವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ಅರಸನ ಬಿರುದುಗಳು ಮಾತ್ರ ಇದ್ದವು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಮಸ್ಕಿಯ ಪ್ರತಿಯಲ್ಲಿ. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳದಲ್ಲಿಯೂ ಸಿಕ್ಕಿತು. ನಮ್ಮ ಬಂಡೆಯೋ ಅಲ್ಲಲ್ಲಿ ಒಡೆದಿದೆ, ಅಕ್ಷರಗಳು ಹಾರಿಹೋಗಿವೆ. ಹಾರಿಹೋದ ಅಕ್ಷರಗಳನ್ನು ವಿದ್ವಾಂಸರು ಬೇರೆ ಊರಿನ ಪ್ರತಿಗಳನ್ನು ನೋಡಿ ತುಂಬಿಕೊಂಡರು. ಅಲ್ಲಿ ಇಲ್ಲದ ಹೆಸರು ಇಲ್ಲಿ, ಇಲ್ಲಿ ಅಳಿದ ಅಕ್ಷರ ಅಲ್ಲಿ. ಒಂದೇ ಕಲ್ಲಿನ ಮೇಲೆ ಕೆತ್ತಿಸಿದ್ದರೆ ಏನಾಗುತ್ತಿತ್ತು ಎಂದು ಗುಡ್ಡ ಹತ್ತಿದಾಗಲೆಲ್ಲ ಯೋಚಿಸುತ್ತೇನೆ.

ಇಮೇಜ್ ಎಂದರೇನು?

ಮೊದಲು ಒಂದು ಗೊಂದಲ ಬಿಡಿಸೋಣ. ಫೋಟೋ ಮತ್ತು ಕಡತಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು ಬೇರೆ, ಸಿಸ್ಟಮ್ ಇಮೇಜ್ ತೆಗೆಯುವುದು ಬೇರೆ. ಮೊದಲನೆಯದು ಮನೆಗೆ ಬೆಂಕಿ ಬಿದ್ದಾಗ ಪೆಟ್ಟಿಗೆಯೊಂದನ್ನು ಹೊರಗೆ ತಂದಂತೆ. ಎರಡನೆಯದು ಇಡೀ ಮನೆಯನ್ನೇ, ಗೂಡಿನಲ್ಲಿದ್ದ ದೀಪ, ಮೊಳೆಗೆ ತೂಗುಹಾಕಿದ್ದ ಜಪಮಾಲೆಯ ಸಹಿತ, ಇದ್ದ ಹಾಗೆ ಇನ್ನೊಂದು ಕಡೆ ಇಟ್ಟಂತೆ. ವಿಂಡೋಸ್, ಅದನ್ನು ಎಬ್ಬಿಸುವ ಸಣ್ಣ ಬೂಟ್ ಭಾಗ, ನುಡಿ, ಬರಹ, ಪ್ರಿಂಟರಿನ ಹೊಂದಾಣಿಕೆ, ನಿಮ್ಮ ಕಡತಗಳು, ಪರದೆಯ ಮೇಲೆ ನೀವು ಜೋಡಿಸಿಟ್ಟ ಗುರುತುಗಳು ಎಲ್ಲವೂ ಅದರೊಳಗೆ ಬರುತ್ತವೆ. ಡಿಸ್ಕ್ ಕೆಟ್ಟರೆ ಹೊಸ ಡಿಸ್ಕ್ ಹಾಕಿಸಿ, ಆ ಇಮೇಜನ್ನು ಅದರ ಮೇಲೆ ಇಳಿಸಿದರೆ, ಇಮೇಜ್ ತೆಗೆದ ದಿನ ಲ್ಯಾಪ್‌ಟಾಪ್ ಹೇಗಿತ್ತೋ ಹಾಗೆ ಎದ್ದು ಕೂರುತ್ತದೆ. ನನಗೆ ಮೂರು ವಾರ ಹಿಡಿದ ಕೆಲಸಕ್ಕೆ ಒಂದು ಮಧ್ಯಾಹ್ನ ಸಾಕು.

ಇದನ್ನು ಪೆನ್‌ಡ್ರೈವಿನಿಂದಲೇ ಏಕೆ ಮಾಡಬೇಕು? ವಿಂಡೋಸ್ ನಡೆಯುತ್ತಿರುವಾಗ ಅದರ ಎಷ್ಟೋ ಕಡತಗಳು ತೆರೆದಿರುತ್ತವೆ, ಕ್ಷಣ ಕ್ಷಣಕ್ಕೂ ಬದಲಾಗುತ್ತಿರುತ್ತವೆ. ಓಡುವ ಮಗುವಿನ ಅಂಗಿ ಅಳತೆ ತೆಗೆದಂತೆ. ನಡೆಯುವಾಗಲೇ ಇಮೇಜ್ ತೆಗೆಯುವ ತಂತ್ರಾಂಶಗಳೂ ಉಂಟು, ಅವು ತಕ್ಕಮಟ್ಟಿಗೆ ಒಳ್ಳೆಯವೇ. ಆದರೆ ವಿಂಡೋಸ್ ಸತ್ತ ದಿನ ಅವನ್ನು ತೆರೆಯುವುದು ಎಲ್ಲಿಂದ? ಆಗಲೂ ಹೊರಗಿನಿಂದ ಬೂಟ್ ಆಗುವ ಪೆನ್‌ಡ್ರೈವ್ ಬೇಕೇ ಬೇಕು. ಅದನ್ನು ಲ್ಯಾಪ್‌ಟಾಪ್ ಚೆನ್ನಾಗಿದ್ದಾಗಲೇ ಮಾಡಿಟ್ಟುಕೊಂಡು, ಅದರಿಂದಲೇ ಇಮೇಜ್ ತೆಗೆದರೆ, ಈ ಯಂತ್ರ ಆ ಪೆನ್‌ಡ್ರೈವಿನಿಂದ ಏಳುತ್ತದೆ ಎಂಬ ಪರೀಕ್ಷೆಯೂ ಆದಂತಾಗುತ್ತದೆ.

ವಿಂಡೋಸ್ ಒಳಗೇ ಇಮೇಜ್ ತೆಗೆಯುವ ಒಂದು ಹಳೆಯ ಸೌಲಭ್ಯವಿದೆ, ಕಂಟ್ರೋಲ್ ಪ್ಯಾನಲ್‌ನಲ್ಲಿ ವಿಂಡೋಸ್ 7ರ ಹೆಸರಿನಲ್ಲಿ ಕೂತಿರುತ್ತದೆ. ಅದನ್ನು ಮುಂದೆ ಬೆಳೆಸುವುದಿಲ್ಲವೆಂದು ಮೈಕ್ರೋಸಾಫ್ಟ್ 2017ರಲ್ಲೇ ತಿಳಿಸಿತು. ನಾನು ಅದನ್ನು ನೆಚ್ಚುವುದಿಲ್ಲ. ಬಹಳ ಮಂದಿ ಬಳಸುತ್ತಿದ್ದ ಮ್ಯಾಕ್ರಿಯಂ ರಿಫ್ಲೆಕ್ಟ್ ಎಂಬುದರ ಉಚಿತ ಆವೃತ್ತಿಯೂ 2024ರ ಆರಂಭಕ್ಕೆ ನಿಂತುಹೋಯಿತು. ಕಾಸು ಕೊಡದೆ ಸಿಗುವುದರಲ್ಲಿ ಎರಡು ಹೆಸರು ನೆನಪಿಡಿ. ಕ್ಲೋನ್‌ಜಿಲ್ಲಾ ಎಂಬುದು ತೈವಾನ್ ದೇಶದ ಒಂದು ಗಣಕ ಕೇಂದ್ರದಲ್ಲಿ ಹುಟ್ಟಿದ್ದು, ಬಹಳ ನಂಬಿಕಸ್ಥ, ಆದರೆ ಅದರ ಪರದೆ ಬರೀ ಅಕ್ಷರಗಳದು, ಹೊಸಬರಿಗೆ ದಿಗಿಲು. ರೆಸ್ಕ್ಯೂಜಿಲ್ಲಾ ಎಂಬುದು ಅದೇ ಕೆಲಸವನ್ನು ಮೌಸಿನಿಂದ ಗುಂಡಿ ಒತ್ತುತ್ತಾ ಮಾಡಲು ಬಿಡುತ್ತದೆ. ಕ್ಲೋನ್‌ಜಿಲ್ಲಾದಲ್ಲಿ ತೆಗೆದ ಇಮೇಜನ್ನೂ ಅದು ಓದಬಲ್ಲದು. ಮನೆಯವರಿಗೆ ಇದೇ ಸಾಕು.

ಮಾಡುವ ಬಗೆ

ಬೇಕಾಗುವ ಸಾಮಾನು ಎರಡೇ. ಕನಿಷ್ಠ 4 ಜಿಬಿಯ ಒಂದು ಪೆನ್‌ಡ್ರೈವ್, ಇಮೇಜ್ ಇಡಲು ಹೊರಗಿನಿಂದ ಸಿಕ್ಕಿಸುವ ಒಂದು ಹಾರ್ಡ್ ಡಿಸ್ಕ್. ಪೆನ್‌ಡ್ರೈವ್ ಎಂಬುದು ಬಾಗಿಲು ತೆರೆಯುವ ಕೀಲಿ, ಹೊರಗಿನ ಡಿಸ್ಕ್ ಎಂಬುದು ಕಣಜ. ಎರಡನ್ನೂ ಒಂದೇ ಎಂದು ತಿಳಿದು ಗೊಂದಲ ಮಾಡಿಕೊಳ್ಳುವವರೇ ಹೆಚ್ಚು. ಕಣಜದಲ್ಲಿ ಎಷ್ಟು ಜಾಗ ಬೇಕು? ನಿಮ್ಮ ಡಿಸ್ಕಿನಲ್ಲಿ ತುಂಬಿರುವ ಭಾಗವನ್ನು ಮಾತ್ರ ಇದು ಕುಗ್ಗಿಸಿ ಬರೆದುಕೊಳ್ಳುತ್ತದೆ. 500 ಜಿಬಿ ಡಿಸ್ಕಿನಲ್ಲಿ 80 ಜಿಬಿ ತುಂಬಿದ್ದರೆ ಇಮೇಜ್ ಅದಕ್ಕಿಂತ ಕಡಿಮೆಯೇ ಆಗುತ್ತದೆ. ಫೋಟೋ, ವಿಡಿಯೋಗಳು ಮಾತ್ರ ಅಷ್ಟಾಗಿ ಕುಗ್ಗುವುದಿಲ್ಲ. 1 ಟಿಬಿ ಡಿಸ್ಕ್ ಇದ್ದರೆ ನಾಲ್ಕೈದು ಸಲದ ಇಮೇಜುಗಳು ನಿಶ್ಚಿಂತೆಯಿಂದ ಹಿಡಿಯುತ್ತವೆ.

ರೆಸ್ಕ್ಯೂಜಿಲ್ಲಾದ ಐಎಸ್ಒ ಕಡತವನ್ನು ಅದರದೇ ತಾಣದಿಂದ ಇಳಿಸಿಕೊಳ್ಳಿ. ಅದನ್ನು ಪೆನ್‌ಡ್ರೈವಿಗೆ ಸುಮ್ಮನೆ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ರೂಫಸ್ ಅಥವಾ ಬಲೇನಾ ಎಚ್ಚರ್ ಎಂಬ ಸಣ್ಣ ತಂತ್ರಾಂಶದಿಂದ ಬರೆಯಬೇಕು. ಹಾಗೆ ಬರೆಯುವಾಗ ಪೆನ್‌ಡ್ರೈವಿನಲ್ಲಿ ಮೊದಲು ಇದ್ದುದೆಲ್ಲ ಅಳಿಸಿಹೋಗುತ್ತದೆ. ಮಗಳ ಪರೀಕ್ಷೆಯ ಪ್ರಾಜೆಕ್ಟ್ ಇರುವ ಪೆನ್‌ಡ್ರೈವನ್ನೇ ಎತ್ತಿಕೊಂಡು ಬಂದು ಆಮೇಲೆ ನನ್ನನ್ನು ಬೈಯಬೇಡಿ.

ಇನ್ನು ವಿಂಡೋಸ್ ಒಳಗೆ ಇದ್ದಾಗಲೇ ಒಂದು ವಿಷಯ ನೋಡಿಕೊಳ್ಳಬೇಕು. ಈಚಿನ ವಿಂಡೋಸ್ 11 ಲ್ಯಾಪ್‌ಟಾಪುಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಎಂಬ ಬೀಗ ತಾನಾಗಿಯೇ ಬಿದ್ದಿರುವುದುಂಟು. ಮಾಲೀಕನಿಗೇ ಗೊತ್ತಿರುವುದಿಲ್ಲ. ಬೀಗವಿದ್ದರೆ ಯಾವ ಭಾಗ ತುಂಬಿದೆ, ಯಾವುದು ಖಾಲಿ ಎಂದು ಹೊರಗಿನ ತಂತ್ರಾಂಶಕ್ಕೆ ತಿಳಿಯುವುದಿಲ್ಲ. ಆಗ ಇಡೀ ಡಿಸ್ಕನ್ನೇ ಬರೆದುಕೊಳ್ಳುತ್ತದೆ, ಇಮೇಜ್ ಹಿಗ್ಗುತ್ತದೆ, ಹೊತ್ತೂ ಹೆಚ್ಚು. ಸೆಟ್ಟಿಂಗ್ಸ್‌ನಲ್ಲಿ ಅದನ್ನು ತೆಗೆದು, ಬೀಗ ಪೂರ್ತಿ ಬಿಚ್ಚುವವರೆಗೆ ಕಾದು, ಆಮೇಲೆ ಕೆಲಸ ಶುರುಮಾಡುವುದು ಲೇಸು. ತೆಗೆಯಲಿ ಬಿಡಲಿ, ಆ ಬೀಗದ 48 ಅಂಕಿಗಳ ರಿಕವರಿ ಕೀಲಿಯನ್ನು ಒಂದು ಕಾಗದದ ಮೇಲೆ ಬರೆದಿಡಿ. ಸಾಮಾನ್ಯವಾಗಿ ಅದು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಬೂಟ್ ವ್ಯವಸ್ಥೆಯಲ್ಲಿ ಏನಾದರೂ ಬದಲಿಸಿದರೆ ವಿಂಡೋಸ್ ಆ ಅಂಕಿಗಳನ್ನು ಕೇಳಿ ಕೂತುಬಿಡಬಹುದು. ಆಗ ಯಾವ ಸಂತರನ್ನು ಬೇಡಿಕೊಂಡರೂ ಅದು ಜಗ್ಗುವುದಿಲ್ಲ.

ಪೆನ್‌ಡ್ರೈವನ್ನೂ ಹೊರಗಿನ ಡಿಸ್ಕನ್ನೂ ಸಿಕ್ಕಿಸಿ, ಚಾರ್ಜರ್ ಹಾಕಿ, ವಿಂಡೋಸನ್ನು ಶಟ್‌ಡೌನ್ ಮಾಡದೆ ರೀಸ್ಟಾರ್ಟ್ ಮಾಡಿ. ಇದಕ್ಕೆ ಕಾರಣವುಂಟು. ಈಗಿನ ವಿಂಡೋಸ್ ಬೇಗ ಏಳಬೇಕೆಂದು ಶಟ್‌ಡೌನ್ ಮಾಡಿದಾಗ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಡಿಸ್ಕನ್ನು ಓದಲು ಹೋದರೆ ತಂತ್ರಾಂಶ ತಕರಾರು ಮಾಡುತ್ತದೆ. ರೀಸ್ಟಾರ್ಟ್ ಮಾಡಿದರೆ ಪೂರ್ತಿ ಮುಚ್ಚಿ ಏಳುತ್ತದೆ. ಏಳುವ ಹೊತ್ತಿಗೆ ಬೂಟ್ ಕೀಲಿಯನ್ನು ಒತ್ತುತ್ತಾ ಇರಬೇಕು. ಡೆಲ್, ಲೆನೋವೊಗಳಲ್ಲಿ ಬಹುಮಟ್ಟಿಗೆ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲೂ ಎಫ್12, ಆದರೆ ಕೆಲವು ಮಾದರಿಗಳಲ್ಲಿ ಮೊದಲು ಬಯೋಸ್ ಒಳಗೆ ಹೋಗಿ ಅದಕ್ಕೆ ಅನುಮತಿ ಕೊಡಬೇಕು. ಬರುವ ಪಟ್ಟಿಯಲ್ಲಿ ಯುಎಸ್‌ಬಿ ಆರಿಸಿ. ಪೆನ್‌ಡ್ರೈವಿನಿಂದ ಏಳಲು ಲ್ಯಾಪ್‌ಟಾಪ್ ಒಪ್ಪದಿದ್ದರೆ ಸೆಕ್ಯೂರ್ ಬೂಟ್ ಎಂಬ ಕಾವಲನ್ನು ಬಯೋಸ್‌ನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಬೇಕಾದೀತು. ಕೆಲಸ ಮುಗಿದ ಮೇಲೆ ಮರಳಿ ಹಚ್ಚಲು ಮರೆಯಬೇಡಿ. ಮೇಲೆ ಹೇಳಿದ 48 ಅಂಕಿಗಳು ಕೈಯಲ್ಲಿರಬೇಕಾದದ್ದು ಇಂಥ ಹೊತ್ತಿಗೇ.

ರೆಸ್ಕ್ಯೂಜಿಲ್ಲಾದ ಮೊದಲ ಪರದೆಯಲ್ಲಿ ಬ್ಯಾಕಪ್, ರಿಸ್ಟೋರ್, ಕ್ಲೋನ್, ವೆರಿಫೈ ಇಮೇಜ್ ಎಂಬ ದೊಡ್ಡ ಗುಂಡಿಗಳು ಕಾಣುತ್ತವೆ. ಬ್ಯಾಕಪ್ ಒತ್ತಿ. ಮೂಲ ಯಾವುದು ಎಂದು ಕೇಳಿದಾಗ ಲ್ಯಾಪ್‌ಟಾಪಿನ ಒಳಗಿನ ಡಿಸ್ಕ್ ತೋರಿಸಿ. ಇಲ್ಲಿ ಸಿ, ಡಿ ಎಂಬ ಹೆಸರುಗಳು ಇರುವುದಿಲ್ಲ, ಗಾತ್ರ ಮತ್ತು ಕಂಪನಿಯ ಹೆಸರಿನಿಂದ ಗುರುತಿಸಬೇಕು. ಒಳಗಿನದೂ ಹೊರಗಿನದೂ ಒಂದೇ ಗಾತ್ರದವಾಗಿದ್ದರೆ ಮೊದಲೇ ಕಂಪನಿಯ ಹೆಸರು ಬರೆದುಕೊಳ್ಳಿ. ಡಿಸ್ಕಿನ ಭಾಗಗಳ ಪಟ್ಟಿ ಬಂದಾಗ ಎಲ್ಲವಕ್ಕೂ ಗುರುತು ಇರಲಿ. ಸಣ್ಣದೆಂದು ಬೂಟ್ ಭಾಗವನ್ನು ಬಿಟ್ಟರೆ ನಾಳೆ ಮನೆಯಿರುತ್ತದೆ, ಬಾಗಿಲಿರುವುದಿಲ್ಲ. ಎಲ್ಲಿ ಇಡಬೇಕೆಂಬುದಕ್ಕೆ ಹೊರಗಿನ ಡಿಸ್ಕ್ ಆರಿಸಿ. ಹೆಸರಿನಲ್ಲಿ ತಾರೀಖು ಇರಲಿ. ಉಳಿದುದನ್ನು ಅದು ತೋರಿಸಿದಂತೆಯೇ ಬಿಟ್ಟು ಮುಂದುವರಿಸಿ. ನನ್ನ ಹಳೆಯ ಲ್ಯಾಪ್‌ಟಾಪಿಗೆ ಒಂದೂವರೆ ತಾಸು ಹಿಡಿಯುತ್ತದೆ, ಒಂದು ಜಪಸರ ಮುಗಿಸಿ, ಚಹಾ ಕುಡಿದು, ರೋಗಿಗಳ ಮನೆಗೊಮ್ಮೆ ಹೋಗಿ ಬರುವಷ್ಟು ಹೊತ್ತು. ಹೊಸ ಯಂತ್ರಗಳಲ್ಲಿ ಬೇಗ ಆಗುತ್ತದೆ. ನಮ್ಮ ಕಡೆಯ ಕರೆಂಟಿನ ವಿಷಯ ನಿಮಗೆ ಗೊತ್ತೇ ಇದೆ. ಲ್ಯಾಪ್‌ಟಾಪಿನ ಬ್ಯಾಟರಿ ಚೆನ್ನಾಗಿದ್ದರೆ ಹೆದರಬೇಕಾಗಿಲ್ಲ, ಬ್ಯಾಟರಿ ಸತ್ತಿದ್ದರೆ ಯುಪಿಎಸ್ ಇರುವ ಕಡೆ ಮಾಡಿ.

ಇಮೇಜ್ ಆದ ಮೇಲೆ ವೆರಿಫೈ ಇಮೇಜ್ ಒತ್ತಿ ಪರೀಕ್ಷಿಸುವುದನ್ನು ತಪ್ಪಿಸಬೇಡಿ. ಬೇಸರದ ಕೆಲಸ, ಇನ್ನಷ್ಟು ಹೊತ್ತು ಬೇಕು. ಆದರೂ ಬೇಕು. ತೆಗೆದ ಇಮೇಜಿನಲ್ಲಿ ಒಂದು ಭಾಗ ಓದಲು ಬಾರದಂತಾಗಿದ್ದರೆ ಅದು ಇಂದು ತಿಳಿಯಬೇಕೇ, ಡಿಸ್ಕ್ ಸತ್ತ ದಿನ ತಿಳಿಯಬೇಕೇ? ಖಾಲಿ ಡಿಸ್ಕ್ ಒಂದಿದ್ದರೆ ಅದರ ಮೇಲೆ ಒಮ್ಮೆ ಇಳಿಸಿ, ಲ್ಯಾಪ್‌ಟಾಪಿಗೆ ಹಾಕಿ ಎಬ್ಬಿಸಿ ನೋಡುವುದು ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ನಾನು ಒಮ್ಮೆ ಮಾಡಿದ್ದೇನೆ. ನುಡಿ ತೆರೆದು ಕನ್ನಡ ಕನ್ನಡವಾಗಿಯೇ ಕಂಡಾಗ ಆದ ಸಮಾಧಾನ ದೊಡ್ಡದು.

ಎಡವುವ ಜಾಗಗಳು

ರಿಸ್ಟೋರ್ ಎಂಬುದು ಬ್ಯಾಕಪ್‌ನ ಪಕ್ಕದಲ್ಲೇ ಇರುವ ಗುಂಡಿ. ಅದನ್ನು ಒತ್ತಿ, ಎಚ್ಚರಿಕೆಯ ಪ್ರಶ್ನೆಗಳಿಗೆಲ್ಲ ಹೂಂ ಎನ್ನುತ್ತಾ ಹೋದರೆ, ತೋರಿಸಿದ ಡಿಸ್ಕಿನಲ್ಲಿ ಇದ್ದುದನ್ನೆಲ್ಲ ಅಳಿಸಿ ಹಳೆಯದನ್ನು ಇಳಿಸುತ್ತದೆ. ನಿನ್ನೆ ಬರೆದದ್ದೂ ಹೋಗುತ್ತದೆ. ಕಾರ್ಯ ಶುರುವಾಗುವ ಮುನ್ನ ಮೂಲ ಯಾವುದು, ಗುರಿ ಯಾವುದು ಎಂದು ಒಂದು ಪರದೆಯಲ್ಲಿ ತೋರಿಸುತ್ತದೆ. ಅದನ್ನು ಬಾಯಿಬಿಟ್ಟು ಗಟ್ಟಿಯಾಗಿ ಓದಿಕೊಳ್ಳಿ. ನಾನು ಇಂದಿಗೂ ಓದಿಕೊಳ್ಳುತ್ತೇನೆ.

ಇನ್ನೊಂದು ತೊಡಕಿನ ಬಗ್ಗೆ ಅಂಗಡಿಯಲ್ಲಿ ಯಾರೂ ಹೇಳಿರುವುದಿಲ್ಲ. ಈಗ ಹಳೆಯ 500 ಜಿಬಿ ಹಾರ್ಡ್ ಡಿಸ್ಕ್ ತೆಗೆಸಿ 256 ಜಿಬಿ ಎಸ್‌ಎಸ್‌ಡಿ ಹಾಕಿಸುವವರು ಬಹಳ. ವೇಗವಾಗುತ್ತದೆ, ನಿಜ. ಆದರೆ 500ರ ಇಮೇಜು, ಒಳಗೆ 80 ಜಿಬಿ ಮಾತ್ರ ತುಂಬಿದ್ದರೂ, 256ರ ಮೇಲೆ ನೇರವಾಗಿ ಇಳಿಯುವುದಿಲ್ಲ. ಹೊಸ ಡಿಸ್ಕ್ ಹಳೆಯದರಷ್ಟೇ ಅಥವಾ ಅದಕ್ಕಿಂತ ದೊಡ್ಡದಿರಬೇಕು. ಹಾಗೆಯೇ ಒಂದು ಲ್ಯಾಪ್‌ಟಾಪಿನ ಇಮೇಜ್ ಬೇರೆ ಮಾದರಿಯ ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ಏಳುತ್ತದೆಂದು ನೆಚ್ಚಿಕೊಳ್ಳಬೇಡಿ. ಅದು ಆ ಯಂತ್ರದ ಅಳತೆಗೆ ಹೊಲಿದ ಅಂಗಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ 11 ಹಾಕಿಸಲು ಹೊರಟವರು, ಹಾಕಿಸುವ ಹಿಂದಿನ ದಿನ ಒಂದು ಇಮೇಜ್ ತೆಗೆದಿಡಿ. ಹೊಸದು ಹೊಂದದಿದ್ದರೆ ಹಿಂದಿನದಕ್ಕೆ ಮರಳಲು ದಾರಿಯಿರುತ್ತದೆ.

ಇಮೇಜ್ ತೆಗೆದ ಮೇಲೆ ಹೊರಗಿನ ಡಿಸ್ಕನ್ನು ಕಳಚಿ ಇಡಬೇಕು. ಸದಾ ಸಿಕ್ಕಿಸಿಯೇ ಬಿಟ್ಟರೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್ಸು ಅದಕ್ಕೂ ಬೀಗ ಹಾಕುತ್ತದೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬುದು ಜಗತ್ತಿನಾದ್ಯಂತ ಆಸ್ಪತ್ರೆಗಳನ್ನೂ ಕಚೇರಿಗಳನ್ನೂ ಹಾಗೆ ಹಿಡಿದು ಕೂರಿಸಿತ್ತು. ಲ್ಯಾಪ್‌ಟಾಪಿನ ಚೀಲದಲ್ಲೇ ಡಿಸ್ಕ್ ಇಡುವುದೂ ಬೇಡ, ಕಳ್ಳ ಬಂದರೆ ಚೀಲ ಸಮೇತ ಒಯ್ಯುತ್ತಾನೆ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿರಲಿ, ಒಂದು ಬೇರೆ ಊರಿನಲ್ಲಿರಲಿ ಎಂಬುದು ಈ ವಿದ್ಯೆ ಬಲ್ಲವರ ಲೆಕ್ಕ. ಮಸ್ಕಿಯವರು ಲಿಂಗಸುಗೂರಿನ ಅಕ್ಕನ ಮನೆಯಲ್ಲೋ ಸಿಂಧನೂರಿನ ಮಗನ ಮನೆಯಲ್ಲೋ ಒಂದು ಡಿಸ್ಕ್ ಇಡಬಹುದು. ಆದರೆ ಅದು ಕೀಲಿ ಹಾಕುವ ಅಲಮಾರಿಯಲ್ಲಿರಲಿ. ಇಮೇಜಿನೊಳಗೆ ನಿಮ್ಮ ಬ್ಯಾಂಕಿನ ಕಾಗದಗಳೂ ಕುಟುಂಬದ ಗುಟ್ಟುಗಳೂ ಇರುತ್ತವೆ. ಅದು ಸಿಕ್ಕವರಿಗೆ ನಿಮ್ಮ ಲ್ಯಾಪ್‌ಟಾಪೇ ಸಿಕ್ಕಂತೆ.

ದಿನದಿನದ ಬರಹಕ್ಕೆ ಇಮೇಜ್ ಸಾಲದು ಎಂಬುದನ್ನೂ ಹೇಳಿಬಿಡಬೇಕು. ಜನವರಿಯ ಇಮೇಜಿನಲ್ಲಿ ಫೆಬ್ರವರಿಯ ಫೋಟೋ ಇರುವುದಿಲ್ಲ. ಹೊಸ ಕಡತಗಳನ್ನು ಆಗಾಗ ಪೆನ್‌ಡ್ರೈವಿಗೋ ಗೂಗಲ್ ಡ್ರೈವಿಗೋ ಹಾಕುತ್ತಿರಿ, ಇಮೇಜನ್ನು ವರ್ಷಕ್ಕೆ ನಾಲ್ಕು ಸಲ ತೆಗೆಯಿರಿ. ನನಗೆ ತಾರೀಖು ನೆನಪಿರುವುದಿಲ್ಲವಾದ್ದರಿಂದ ಪೂಜಾ ವರ್ಷಕ್ಕೆ ಗಂಟು ಹಾಕಿದ್ದೇನೆ: ಆಗಮನ ಕಾಲದ ಮೊದಲ ವಾರ, ವಿಭೂತಿ ಬುಧವಾರದ ಹಿಂದಿನ ದಿನ, ಪಾಸ್ಖ ಮುಗಿದ ಮೇಲೆ, ಆಗಸ್ಟ್ 15ರ ಮಾತೆಯ ಸ್ವರ್ಗಾರೋಹಣ ಹಬ್ಬದ ನಂತರ.

ಧರ್ಮಕೇಂದ್ರಗಳ ಗುರುಗಳಿಗೆ ಒಂದು ಮಾತು. 1917ರ ಧರ್ಮಸಭೆಯ ಕಾನೂನು ಸಂಹಿತೆಯ 470ನೆಯ ವಿಧಿ, ಜ್ಞಾನಸ್ನಾನ, ಮದುವೆ, ಮರಣ ಮುಂತಾದ ದಾಖಲೆಗಳ ಒಂದು ಅಧಿಕೃತ ಪ್ರತಿಯನ್ನು ಪ್ರತಿ ವರ್ಷದ ಕೊನೆಗೆ ಧರ್ಮಾಧ್ಯಕ್ಷರ ಕಚೇರಿಗೆ ಕಳಿಸಬೇಕೆಂದು ವಿಧಿಸಿತ್ತು. ಚರ್ಚಿಗೆ ಬೆಂಕಿ ಬಿದ್ದರೂ, ಗೆದ್ದಲು ತಿಂದರೂ, ಹೆಸರುಗಳು ಇನ್ನೊಂದು ಊರಿನಲ್ಲಿ ಉಳಿಯುತ್ತಿದ್ದವು. 1983ರ ಸಂಹಿತೆಯ 535ನೆಯ ವಿಧಿಯೂ ಈ ಪುಸ್ತಕಗಳನ್ನು ಸರಿಯಾಗಿ ಬರೆದು ಜೋಪಾನ ಮಾಡಬೇಕು, ಹಳೆಯವನ್ನೂ ಎಚ್ಚರದಿಂದ ಕಾಯಬೇಕು ಎನ್ನುತ್ತದೆ. ಲ್ಯಾಪ್‌ಟಾಪ್ ಬಂತೆಂದು ಪುಸ್ತಕದಲ್ಲಿ ಬರೆಯುವುದನ್ನು ಬಿಟ್ಟವರು ಯಾರಾದರೂ ಇದ್ದರೆ ದಯಮಾಡಿ ಮತ್ತೆ ಶುರುಮಾಡಿ. ಆ ರಾತ್ರಿ ನನ್ನ ಮಾನ ಉಳಿಸಿದ್ದು ಕಪ್ಪು ರಟ್ಟಿನ ಮರಣದ ದಾಖಲೆ ಪುಸ್ತಕವೇ.

ಉಪದೇಶಿಗಳ ಧ್ವನಿಮುದ್ರಣ ಮರಳಿ ಸಿಗಲಿಲ್ಲ. ಡಿಸ್ಕನ್ನು ದೂರದ ಊರಿಗೆ ಕಳಿಸಿ ಕೇಳಿಸಿದೆ, ಆಗದು ಎಂದು ವಾಪಸು ಬಂತು. ಹೋದ ವರ್ಷ ಅವರ ಮೊಮ್ಮಗಳು ತನ್ನ ಹಳೆಯ ಮೊಬೈಲ್ ತಂದು ತೋರಿಸಿದಳು. ಯಾವುದೋ ಮನೆಯ ಜಪದ ಕೊನೆಗೆ ಅಜ್ಜ ಹಾಡಿದ ಒಂದೇ ಕೀರ್ತನೆ, ನಾಲ್ಕು ನಿಮಿಷ, ಹಿಂದೆ ನಾಯಿ ಬೊಗಳುವುದು, ಪಾತ್ರೆ ಸದ್ದು. ಮೊಬೈಲಿನ ಗಾಜು ಒಡೆದಿತ್ತು. ಅವಳು ಅಲ್ಲೇ ಕುಳಿತಿರುವಾಗಲೇ ಅದನ್ನು ಮೂರು ಕಡೆ ಹಾಕಿಕೊಂಡೆ. ಒಂದು ಕಚೇರಿಯ ಡಿಸ್ಕಿನಲ್ಲಿದೆ, ಇನ್ನೊಂದು ಅವಳ ಮನೆಯ ಪೆನ್‌ಡ್ರೈವಿನಲ್ಲಿ, ಮೂರನೆಯದು ಮುದಗಲ್ಲಿನಲ್ಲಿರುವ ಅವಳ ಚಿಕ್ಕಪ್ಪನ ಹತ್ತಿರ.

ಆಗಮನ ಕಾಲದ ಮೊದಲ ಭಾನುವಾರ ಪೂಜೆಯ ನಂತರ ನಮ್ಮ ಧರ್ಮಕೇಂದ್ರದ ಯುವಕರು ಇದನ್ನು ಮಾಡಿ ತೋರಿಸುತ್ತಾರೆ. ರೆಸ್ಕ್ಯೂಜಿಲ್ಲಾ ಪೆನ್‌ಡ್ರೈವ್ ನಮ್ಮಲ್ಲೇ ಇದೆ. ಲ್ಯಾಪ್‌ಟಾಪ್ ತರುವವರು ಜಾಗವಿರುವ ಒಂದು ಹೊರಗಿನ ಡಿಸ್ಕನ್ನೂ, ಚಾರ್ಜರನ್ನೂ, ಆ 48 ಅಂಕಿಗಳ ಚೀಟಿಯನ್ನೂ ಜೊತೆಗೆ ತನ್ನಿರಿ.